ಬೆರಿಲ್ ಚಂಡಮಾರುತದಲ್ಲಿ ಬೆಂದ ಹವಳಗಳು: ಆಸ್ಪತ್ರೆ ಟ್ಯಾಂಕಿನ ದಿನಚರಿ

ಬಕೆಟ್‌ನಲ್ಲಿ ಬಂದದ್ದು ಇಷ್ಟು. ಒಂದು ಟಾರ್ಚ್ ಹವಳ, ಅದರ ಎರಡು ತಲೆಗಳಿಂದ ಕಂದು ಲೋಳೆ ಇಳಿಯುತ್ತಿತ್ತು. ಒಂದು ಹ್ಯಾಮರ್, ಪೂರ್ತಿ ಬಿಳಿ. ಅಂಗೈ ಅಗಲದ ಒಂದು ಆಕನ್, ಮೈ ಹಿಂದೆ ಸರಿದು ಸುಣ್ಣದ ಅಂಚುಗಳು ಎದ್ದು ಕಾಣುತ್ತಿದ್ದವು. ಅರ್ಧ ಸತ್ತ ಫೇವಿಯಾ. ತಟ್ಟೆ ಆಕಾರದ ಮಾಂಟಿಪೋರಾ, ಮುರಿದು ಎರಡು ತುಂಡು. ಮುದುಡಿಕೊಂಡ ಜೋವಾಂತಿಡ್‌ಗಳಿರುವ ಒಂದು ಕಲ್ಲು. ಕೊನೆಗೆ ಒಂದು ಅಕ್ರೊಪೋರಾ. ಅದರ ಮೈಯೆಲ್ಲ ಸುಲಿದು ಹೋಗಿ ಬರೀ ಸುಣ್ಣದ ಕಡ್ಡಿ ಉಳಿದಿತ್ತು.

ಎಲ್ಲವೂ ಬೇರೆ ಬೇರೆ ಬಗೆಯ ಹವಳಗಳು. ಇವು ನನ್ನ ಷಡ್ಡಕರು ಮನೆಯಲ್ಲಿಟ್ಟಿದ್ದ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕಿನವು. ನಾವಿಬ್ಬರೂ ಇರುವುದು ಹ್ಯೂಸ್ಟನ್‌ನ ಪಶ್ಚಿಮಕ್ಕೆ, ಕೇಟಿಯಲ್ಲಿ. 2024ರ ಜುಲೈ 8ರ ಬೆಳಗಿನ ಜಾವ ಬೆರಿಲ್ ಚಂಡಮಾರುತ ಟೆಕ್ಸಸ್‌ನ ಮ್ಯಾಟಗೋರ್ಡಾ ಹತ್ತಿರ ದಡ ಮುಟ್ಟಿತು. ಹ್ಯೂಸ್ಟನ್ ಸುತ್ತ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಯಿತು. ಗಾಳಿ ಮಧ್ಯಾಹ್ನಕ್ಕೆಲ್ಲ ತಣ್ಣಗಾಯಿತು. ಕರೆಂಟ್ ಮಾತ್ರ ಎಷ್ಟೋ ಬೀದಿಗಳಿಗೆ ದಿನಗಟ್ಟಲೆ ಬರಲಿಲ್ಲ. ಅದರ ಮೇಲೆ ಜುಲೈ ಬಿಸಿಲು. ಅವರ ಮನೆಯಲ್ಲಿ ಕೈಗೂಸು, ಹಾಗಾಗಿ ಎಲ್ಲರೂ ಆಸ್ಟಿನ್‌ಗೆ ಹೋಗಿ ಕೂತರು. ವಾಪಸ್ ಬಂದಾಗ ಟ್ಯಾಂಕಿನ ನೀರು 32 ಡಿಗ್ರಿ ತೋರಿಸುತ್ತಿತ್ತು. ಹವಳ ಸಾಕುವ ಟ್ಯಾಂಕ್ ಇರಬೇಕಾದದ್ದು 25-26ರಲ್ಲಿ.

"ಭಾವ, ಇದರಲ್ಲಿ ಏನಾದ್ರೂ ಉಳಿಯುತ್ತಾ? ಇಲ್ಲಾಂದ್ರೆ ಕಸಕ್ಕೆ ಹಾಕಿಬಿಡ್ತೀನಿ" ಅಂತ ಫೋನ್ ಮಾಡಿದರು.

"ಏನನ್ನೂ ಎಸೀಬೇಡಿ. ಅದೇ ನೀರಲ್ಲಿ ಬಕೆಟ್‌ಗೆ ಹಾಕ್ಕೊಂಡು ಬನ್ನಿ" ಅಂದೆ.

ಕರೆಂಟ್ ಹೋದಾಗ ಹವಳಕ್ಕೆ ಮೊದಲು ಬರುವ ಕಂಟಕ ಬಿಸಿಯಲ್ಲ, ಆಮ್ಲಜನಕದ ಕೊರತೆ. ಪಂಪ್ ನಿಂತರೆ ನೀರಿನ ಮೇಲ್ಮೈ ಕದಡುವುದಿಲ್ಲ, ಹೊರಗಿನ ಗಾಳಿ ಒಳಗೆ ಬೆರೆಯುವುದಿಲ್ಲ. ರಾತ್ರಿ ಹೊತ್ತು ಮೀನು, ಹವಳ, ಬ್ಯಾಕ್ಟೀರಿಯಾ ಎಲ್ಲವೂ ಇದ್ದ ಆಮ್ಲಜನಕವನ್ನೇ ಬಳಸುತ್ತವೆ. ಬಿಸಿ ಏರಿದಷ್ಟೂ ನೀರಿಗೆ ಅದನ್ನು ಹಿಡಿದಿಡುವ ಶಕ್ತಿಯೂ ಕಡಿಮೆ. ಸಮುದ್ರದ ನೀರು 25 ಡಿಗ್ರಿಯಲ್ಲಿ ಲೀಟರ್‌ಗೆ ಸುಮಾರು 6.8 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ 6.2. ಮೀನು ಮೊದಲು ಸಾಯುತ್ತದೆ, ಕೊಳೆಯುತ್ತದೆ, ಅಮೋನಿಯಾ ಏರುತ್ತದೆ. ಹವಳದ ಸರದಿ ಆಮೇಲೆ. ತುಮಕೂರಿನ ನಮ್ಮ ಮನೆಯಲ್ಲಿ ಮೆಟ್ಟಿಲ ಕೆಳಗೆ ಯುಪಿಎಸ್ ಇದ್ದೇ ಇದೆ. ಊರಲ್ಲಿ ಯಾರ ಮನೆಗೆ ಹೋದರೂ ಇರುತ್ತದೆ. ಇಲ್ಲಿ ಐದು ಬೆಡ್‌ರೂಮ್ ಮನೆಗಳಲ್ಲೂ ಇಲ್ಲ. ಕರೆಂಟ್ ಹೋಗುವುದಿಲ್ಲ ಅನ್ನುವ ನಂಬಿಕೆ!

ಬಕೆಟ್ ಮುಂದೆ ಕೂತು ಮಾಡಿದ ಮೊದಲ ಕೆಲಸ ಬೇರ್ಪಡಿಸುವುದು. ಬಿಳಿಯಾಗಿರುವುದು ಒಂದು ಕಡೆ, ಕೊಳೆಯುತ್ತಿರುವುದು ಇನ್ನೊಂದು ಕಡೆ. ಈ ಎರಡನ್ನು ಒಂದೇ ಅಂದುಕೊಂಡು ಬಹಳ ಜನ ಉಳಿಯುವ ಹವಳವನ್ನು ಎಸೆಯುತ್ತಾರೆ, ಎಸೆಯಬೇಕಾದದ್ದನ್ನು ಇಟ್ಟುಕೊಂಡು ಮಿಕ್ಕವನ್ನೂ ಕಳೆದುಕೊಳ್ಳುತ್ತಾರೆ.

ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳಿರುತ್ತವೆ. ಜೂಕ್ಸಾಂಥೆಲ್ಲೆ ಅಂತ ಹೆಸರು. ಬೆಳಕಿನಲ್ಲಿ ಅವು ಮಾಡುವ ಸಕ್ಕರೆಯೇ ಹವಳದ ಮುಖ್ಯ ಊಟ. ಬಿಸಿ ಮಿತಿ ಮೀರಿದಾಗ ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ. ಆಮೇಲೆ ಪಾರದರ್ಶಕ ಮೈ ಮೂಲಕ ಕೆಳಗಿನ ಬಿಳಿ ಸುಣ್ಣ ಕಾಣುತ್ತದೆ. ಅಂದರೆ ಬಿಳಿಚಿದ ಹವಳಕ್ಕೆ ಮೈ ಇದೆ, ಜೀವ ಇದೆ, ಊಟ ಇಲ್ಲ. ಸಮುದ್ರದಲ್ಲೂ ನಡೆಯುತ್ತಿರುವುದು ಇದೇ. ಅದೇ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ಸಾಗರ ಸಂಸ್ಥೆ ನೋವಾ, ಜಗತ್ತಿನಾದ್ಯಂತ ಹವಳ ಬಿಳಿಚುವ ನಾಲ್ಕನೇ ಸುತ್ತು ನಡೆಯುತ್ತಿದೆ ಅಂತ ಘೋಷಿಸಿತ್ತು.

ಗುರುತು ಹಿಡಿಯಲು ಟಾರ್ಚ್‌ಲೈಟ್ ಮತ್ತು ಭೂತಗನ್ನಡಿ ಸಾಕು. ಅಡ್ಡಡ್ಡ ಬೆಳಕು ಬಿಟ್ಟರೆ ಸುಣ್ಣದ ಮೇಲೆ ಒದ್ದೆ ಹೊಳಪಿನ ತೆಳು ಪದರ ಕಾಣಬೇಕು. ಪೈಪೆಟ್‌ನಿಂದ ಮೆಲ್ಲಗೆ ನೀರು ಊದಿದರೆ ಅದು ಒಳಕ್ಕೆ ಮುದುಡಬೇಕು. ಹ್ಯಾಮರ್ ಮುದುಡಿತು. ಮಾಂಟಿಪೋರಾದ ಒಂದು ತುಂಡಿನಲ್ಲಿ ಮುಕ್ಕಾಲು ಭಾಗ, ಇನ್ನೊಂದರಲ್ಲಿ ಅಂಚು ಮಾತ್ರ ಜೀವಂತ. ಆಕನ್ ಪರವಾಗಿಲ್ಲ. ಅಕ್ರೊಪೋರಾ ಹೋಗಿತ್ತು, ಅದರ ಕಡ್ಡಿ ಸೀದಾ ಕಸದ ಬುಟ್ಟಿಗೆ. ಕೊಳೆಯುತ್ತಿರುವುದನ್ನು ಹಿಡಿಯಲು ಭೂತಗನ್ನಡಿಯೂ ಬೇಡ, ಮೂಗೇ ಹೇಳುತ್ತದೆ. ಟಾರ್ಚ್‌ನ ಎರಡು ತಲೆ ಮತ್ತು ಫೇವಿಯಾದ ಒಂದು ಮಗ್ಗುಲು ನಾರುತ್ತಿದ್ದವು.

ಕತ್ತರಿ ಹಾಕಿದ್ದು

ಟಾರ್ಚ್‌ಗೆ ಬಂದಿದ್ದನ್ನು ಈ ಹವ್ಯಾಸದವರು ಬ್ರೌನ್ ಜೆಲ್ಲಿ ಅನ್ನುತ್ತಾರೆ. ಆ ಲೋಳೆಯಲ್ಲಿ ಸಿಲಿಯೇಟ್ ಅನ್ನುವ ಏಕಕೋಶ ಜೀವಿಗಳು ಗಿಜಿಗುಡುತ್ತಿರುತ್ತವೆ. ಹವಳದ ಮೈಯನ್ನು ಪಾಚಿ ಸಮೇತ ತಿನ್ನುವುದರಿಂದ ಕಂದು ಬಣ್ಣ. ಇದು ಪಕ್ಕದ ತಲೆಗೆ ಒಂದೇ ರಾತ್ರಿಯಲ್ಲಿ ದಾಟಬಹುದು. ಆದ್ದರಿಂದ ಕಾಯುವ ಮಾತೇ ಇಲ್ಲ. ಲೋಳೆ ಇರುವ ಹವಳವನ್ನು ಟ್ಯಾಂಕಿನೊಳಗೆ ಅಲ್ಲಾಡಿಸಲೂಬಾರದು. ಬೇರೆ ಟಬ್‌ನಲ್ಲಿಟ್ಟು, ಏರ್ ಪಂಪ್‌ನ ತೆಳು ಪೈಪಿನಿಂದ ಲೋಳೆಯನ್ನು ಸೈಫನ್ ಮಾಡಿ ಹೊರಗೆ ಎಳೆದೆ. ಆ ನೀರು ಚರಂಡಿಗೆ.

ಟಾರ್ಚ್ ಕವಲೊಡೆದು ಬೆಳೆಯುತ್ತದೆ. ಒಂದೊಂದು ತಲೆಗೂ ಬೇರೆ ಕಾಂಡ. ಹಾಗಾಗಿ ಕೆಟ್ಟ ತಲೆಗಳನ್ನು ಬೋನ್ ಕಟರ್‌ನಲ್ಲಿ ಕಾಂಡದ ಬುಡದಲ್ಲೇ ಕಟ್ ಮಾಡಿದೆ. ಉಳಿದ ತಲೆಗಳಲ್ಲಿ ಎರಡು ಗಟ್ಟಿಯಾಗಿದ್ದವು. ಒಂದರ ಮೇಲೆ ಅನುಮಾನವಿತ್ತು, ಅದನ್ನೂ ಬೇರೆ ಮಾಡಿ ಒಂದು ಗಾಜಿನ ಜಾಡಿಯಲ್ಲಿ ಏರ್‌ಸ್ಟೋನ್ ಹಾಕಿ ಒಂಟಿಯಾಗಿಟ್ಟೆ. ಆಮೇಲೆ ಅಯೋಡಿನ್ ಸ್ನಾನ. ಬಾಟಲಿಯ ಮೇಲಿನ ಅಳತೆಯೇ ನನ್ನ ಅಳತೆ, ನೀರು ತೆಳು ಚಹಾದ ಬಣ್ಣಕ್ಕೆ ಬರುತ್ತದೆ. ಮುಗಿದ ಮೇಲೆ ಶುದ್ಧ ಉಪ್ಪುನೀರಿನಲ್ಲಿ ತೊಳೆಯಬೇಕು. ದಿನಾ ಹೀಗೆ ಔಷಧಿಯಲ್ಲಿ ಅದ್ದಿ ಡಿಪ್ ಮಾಡುವವರನ್ನು ನೋಡಿದ್ದೇನೆ. ನನಗೆ ಅದು ಹಿಡಿಸುವುದಿಲ್ಲ. ಡಿಪ್ ಕೂಡ ಹವಳಕ್ಕೆ ಒಂದು ಪೆಟ್ಟೇ. ಗಾಯ ಶುಚಿಯಾಯಿತಾ, ಅಲ್ಲಿಗೆ ಬಿಡಬೇಕು.

ಫೇವಿಯಾ ಕಷ್ಟದ್ದು. ಅದಕ್ಕೆ ಕಾಂಡ ಇಲ್ಲ, ಗುಂಡನೆಯ ಒಂದೇ ದಿಮ್ಮಿ, ಅದರ ಮೈ ತುಂಬ ಬಾಯಿಗಳು. ಡ್ರೆಮೆಲ್ ಅನ್ನುವ ಸಣ್ಣ ಕೈಯಂತ್ರಕ್ಕೆ ಡೈಮಂಡ್ ಡಿಸ್ಕ್ ಹಾಕಿ, ಬಾಯಿಗಳ ಮಧ್ಯೆ ಇರುವ ಗೋಡೆಗಳ ಜಾಡಿನಲ್ಲೇ ಕೊಯ್ದೆ. ಕೊಳೆತ ಮಗ್ಗುಲಿನಿಂದ ಅರ್ಧ ಇಂಚು ಒಳಗೆ, ಚೆನ್ನಾಗಿರುವ ಮೈ ಮೇಲೆಯೇ ಬ್ಲೇಡ್ ಓಡಿಸಬೇಕು. ಮನಸ್ಸು ಬರುವುದಿಲ್ಲ, ಆದರೆ ಗಡಿಯಲ್ಲೇ ಕೊಯ್ದರೆ ಕೊಳೆ ಉಳಿದುಬಿಡುತ್ತದೆ. ಕೊಯ್ಯುವಾಗ ಆಗಾಗ ಉಪ್ಪುನೀರಿಗೆ ಅದ್ದುತ್ತಿರಬೇಕು, ಇಲ್ಲದಿದ್ದರೆ ಬ್ಲೇಡಿನ ಬಿಸಿಗೆ ಮೈ ಸುಡುತ್ತದೆ. ಗ್ಯಾರೇಜ್ ಗೋಡೆ ತುಂಬ ಬಿಳಿ ರಾಡಿ ಸಿಡಿಯಿತು. ಕನ್ನಡಕ, ಮಾಸ್ಕ್ ಎರಡೂ ಬೇಕು.

ಉಳಿದ ಒಳ್ಳೆಯ ಭಾಗವನ್ನು ಒಂದೇ ತುಂಡಾಗಿ ಇಡದೆ, ತುಂಡಿಗೆ ಎರಡು ಮೂರು ಬಾಯಿ ಇರುವಂತೆ ಸಣ್ಣದಾಗಿ ಮಾಡಿಕೊಂಡೆ. ಒಂದು ತುಂಡು ಕೊಳೆತರೆ ಮಿಕ್ಕವು ಉಳಿಯಲಿ ಅಂತ. ಇನ್ನೊಂದು ಲಾಭವೂ ಇದೆ. ಫ್ಲಾರಿಡಾದ ಮೋಟ್ ಮರೀನ್ ಲ್ಯಾಬೊರೇಟರಿಯಲ್ಲಿ ಡೇವಿಡ್ ವಾನ್ ತೋರಿಸಿದ ಹಾಗೆ, ದಿಮ್ಮಿಯಂತೆ ನಿಧಾನ ಬೆಳೆಯುವ ಹವಳಗಳೂ ಸಣ್ಣ ಚೂರುಗಳಾದಾಗ ಹಲವು ಪಟ್ಟು ಬೇಗ ಹರಡುತ್ತವೆ. ಒಂದೇ ಹವಳದ ಚೂರುಗಳನ್ನು ಪಕ್ಕಪಕ್ಕ ಅಂಟಿಸಿದರೆ ಬೆಳೆದು ಮತ್ತೆ ಒಂದೇ ಮೈಯಾಗಿ ಕೂಡಿಕೊಳ್ಳುತ್ತವೆ. ಚೂರು ಕೂರಿಸುವ ಪ್ಲಗ್ ಅನ್ನುವ ಸಣ್ಣ ಬಿಲ್ಲೆಗೆ ಅಂಟಿಸಲು ಸೂಪರ್ ಗ್ಲೂ ಜೆಲ್. ನೀರಿನಲ್ಲೂ ಹಿಡಿಯುತ್ತದೆ, ಹವಳಕ್ಕೆ ತೊಂದರೆ ಇಲ್ಲ. ಕೊಯ್ದು ಬೆತ್ತಲಾದ ಸುಣ್ಣದ ಮೇಲೂ ಅದನ್ನೇ ತೆಳುವಾಗಿ ಹಚ್ಚಿದೆ, ಪಾಚಿ ಹತ್ತದಿರಲಿ ಅಂತ.

ಜೋವಾಂತಿಡ್ ಕಲ್ಲಿನ ವಿಷಯದಲ್ಲಿ ಒಂದೇ ಮಾತು, ಆದರೆ ಗಟ್ಟಿಯಾಗಿ ಹೇಳುತ್ತೇನೆ. ಈ ಗುಂಪಿನ ಕೆಲವುಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇರುತ್ತದೆ. ಕಲ್ಲನ್ನು ಬಿಸಿನೀರಿನಲ್ಲಿ ತೊಳೆಯುವುದು, ಕುದಿಸುವುದು, ಒಣಗಿಸಿ ಉಜ್ಜುವುದು ಯಾವತ್ತೂ ಬೇಡ. ಆ ಆವಿ ಕುಡಿದು ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಕೈಗವಸು, ಕನ್ನಡಕ ಹಾಕಿಕೊಂಡು, ಹಿತ್ತಿಲಲ್ಲಿ, ನೀರಿನೊಳಗೇ ಸತ್ತ ಮೊಗ್ಗುಗಳನ್ನು ಇಕ್ಕಳದಲ್ಲಿ ಕಿತ್ತೆ. ಮಕ್ಕಳನ್ನು ಹತ್ತಿರ ಬಿಡಲಿಲ್ಲ.

ಟ್ಯಾಂಕ್

ಆಸ್ಪತ್ರೆ ಟ್ಯಾಂಕ್‌ಗೆ ನಾನು ಬಳಸಿದ್ದು 20 ಗ್ಯಾಲನ್ ಲಾಂಗ್. 30 ಇಂಚು ಉದ್ದ, 12 ಅಗಲ, 12 ಎತ್ತರ. ಎತ್ತರ ಕಡಿಮೆ, ಹಾಗಾಗಿ ಕೈ ಹಾಕುವುದು ಸುಲಭ. ಒಳಗೆ ಸುಮಾರು 70 ಲೀಟರ್ ನೀರು. ತಳಕ್ಕೆ ಮರಳು ಹಾಕಲಿಲ್ಲ, ಕೊಳೆ ಕೂತರೆ ಕಾಣಬೇಕು. ಹವಳ ಇಡಲು ಎಗ್‌ಕ್ರೇಟ್ ತಟ್ಟೆ. ಟ್ಯೂಬ್‌ಲೈಟ್ ಕೆಳಗೆ ಹಾಕುವ ಚೌಕುಳಿ ಪ್ಲಾಸ್ಟಿಕ್ ಜಾಲರಿ ಅದು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಪಿವಿಸಿ ಪೈಪಿನ ಕಾಲು ಕೊಟ್ಟು ಜಿಪ್ ಟೈ ಬಿಗಿದೆ. ಹೀಟರ್‌ಗೆ ಪ್ರತ್ಯೇಕ ಕಂಟ್ರೋಲರ್, 25.5 ಡಿಗ್ರಿಗೆ ಸೆಟ್. ನನ್ನ ದೊಡ್ಡ ಟ್ಯಾಂಕಿನ ಸಂಪ್ ಅನ್ನುವ ಫಿಲ್ಟರ್ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ತುಂಬಿದ್ದ ಕಲ್ಲುಚೂರುಗಳನ್ನು ಒಂದು ಚೀಲದಲ್ಲಿ ತಂದು ಹಾಕಿದೆ. ಹೊಸ ಟ್ಯಾಂಕ್ ಸೈಕಲ್ ಆಗುವವರೆಗೆ, ಅಂದರೆ ಅಮೋನಿಯಾ ಕಳೆಯುವ ಬ್ಯಾಕ್ಟೀರಿಯಾ ಅದರಲ್ಲೇ ಬೆಳೆಯುವವರೆಗೆ ಕಾಯಲು ರೋಗಿಗಳಿಗೆ ಪುರುಸೊತ್ತು ಎಲ್ಲಿದೆ? ಜೊತೆಗೆ ಆಕ್ಟಿವೇಟೆಡ್ ಕಾರ್ಬನ್ ಒಂದು ಪೊಟ್ಟಣ.

ನೀರು ಆರ್‌ಓ-ಡಿಐ, ಅಂದರೆ ಫಿಲ್ಟರ್‌ನಲ್ಲಿ ಲವಣಗಳನ್ನೂ ತೆಗೆದ ಶುದ್ಧ ನೀರು. ಹ್ಯೂಸ್ಟನ್ ನಲ್ಲಿ ನೀರಿಗೆ ಕ್ಲೋರಮೈನ್ ಹಾಕುತ್ತಾರೆ. ಕ್ಲೋರಿನ್ ಹಾಗೆ ಬಕೆಟ್‌ನಲ್ಲಿ ರಾತ್ರಿಯಿಡೀ ಇಟ್ಟರೆ ಅದು ಹೋಗುವುದಿಲ್ಲ. ಒಳ್ಳೆ ಕಾರ್ಬನ್ ಬ್ಲಾಕ್ ಬೇಕೇ ಬೇಕು.

ಆವಿಯಾಗಿ ಆವಿಯಾಗಿ ಷಡ್ಡಕರ ಟ್ಯಾಂಕಿನ ನೀರು ಉಪ್ಪೇರಿತ್ತು. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಸಾಂದ್ರತೆ 1.029. ಅಲ್ಕಲಿನಿಟಿ, ಅಂದರೆ ಹವಳ ಸುಣ್ಣ ಕಟ್ಟಲು ಬೇಕಾದ ನೀರಿನ ಕ್ಷಾರ ಗುಣ ಮಾತ್ರ ಕುಸಿದು 6.5 ಡಿಕೆಎಚ್ (ಅದರ ಅಳತೆಯ ಮಾನ). ನನ್ನ ಗುರಿ 1.026 ಮತ್ತು 8.5. ಒಂದೇ ದಿನ ಸರಿ ಮಾಡಿಬಿಡಬಹುದು, ಉಪಕರಣ ಎಲ್ಲ ಇದೆ. ಹಾಗೆ ಮಾಡಿದರೆ ಬದುಕಿರುವುದೂ ಸಾಯುತ್ತದೆ. ಹೊಸ ಟ್ಯಾಂಕಿನ ನೀರನ್ನು ಮೊದಲು ಬಕೆಟ್ ನೀರಿನ ಹತ್ತಿರಕ್ಕೇ ತಂದು, ದಿನಾ ಸ್ವಲ್ಪ ಸಿಹಿನೀರು ಸೇರಿಸಿ ಉಪ್ಪು ಇಳಿಸಿದೆ.

ಅಲ್ಕಲಿನಿಟಿ ಏರಿಸಲು ದುಬಾರಿ ಬಾಟಲಿ ಏನೂ ಬೇಡ, ಅಡುಗೆ ಸೋಡಾ ಸಾಕು. ಬಜ್ಜಿ ಹಿಟ್ಟಿಗೆ ಚಿಟಿಕೆ ಹಾಕುತ್ತೇವಲ್ಲ, ಅದೇ. ಬೇಕಿಂಗ್ ಪೌಡರ್ ಅಲ್ಲ, ಅದರಲ್ಲಿ ಬೇರೆ ಏನೇನೋ ಇರುತ್ತದೆ. ಲೆಕ್ಕ ಸುಲಭ: 100 ಲೀಟರ್ ನೀರಿಗೆ 3 ಗ್ರಾಂ ಸೋಡಾ ಹಾಕಿದರೆ 1 ಡಿಕೆಎಚ್ ಏರುತ್ತದೆ. ದಿನಕ್ಕೆ ಅರ್ಧ ಡಿಕೆಎಚ್ ಮೀರಬಾರದು ಅಂತ ಇಟ್ಟುಕೊಂಡರೆ, ನನ್ನ 70 ಲೀಟರ್‌ಗೆ ಒಂದು ಗ್ರಾಂಗಿಂತ ಚೂರು ಜಾಸ್ತಿ. ಚಿನ್ನ ತೂಗುವಂಥ ಸಣ್ಣ ತಕ್ಕಡಿ ತಗೊಂಡೆ. ಸಿಹಿನೀರಿನಲ್ಲಿ ಕರಗಿಸಿ, ಪಂಪ್ ಮುಂದೆ ಹನಿ ಹನಿಯಾಗಿ ಬಿಡಬೇಕು. ಕ್ಯಾಲ್ಸಿಯಂ 400 ಪಿಪಿಎಂ (ಲೀಟರ್‌ಗೆ ಅಷ್ಟು ಮಿಲಿಗ್ರಾಂ) ದಾಟಿತ್ತು, ಮೆಗ್ನೀಸಿಯಂ 1300 ಹತ್ತಿರ ಇತ್ತು. ಅವನ್ನು ಮುಟ್ಟಲಿಲ್ಲ.

ಮೊದಲ ವಾರ ದಿನಾ ಹತ್ತರಲ್ಲೊಂದು ಭಾಗ ನೀರು ಬದಲಿಸಿದೆ. ಬೆಳಗ್ಗೆ ಅಮೋನಿಯಾ ಟೆಸ್ಟ್, ಸಂಜೆ ಅಲ್ಕಲಿನಿಟಿ ಟೆಸ್ಟ್. ಇಷ್ಟೇ. ಅಂಗಡಿಯವನು ಅಮೈನೋ ಆಸಿಡ್, ವಿಟಮಿನ್, "ಕೋರಲ್ ರಿಕವರಿ" ಅಂತ ಸಾಲಾಗಿ ಬಾಟಲಿ ತೋರಿಸಿದ. ಒಂದೂ ಕೊಳ್ಳಲಿಲ್ಲ. ಒಂದೇ ಸಲ ಐದು ಔಷಧಿ ಹಾಕಿದರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಅಂತ ಗೊತ್ತಾಗುವುದು ಹೇಗೆ?

ಬೆಳಕು ಕಡಿಮೆ, ಊಟ ಜಾಸ್ತಿ

ಬಿಳಿಚಿದ ಹವಳಕ್ಕೆ ಪಾಚಿ ಬೇಕು, ಪಾಚಿಗೆ ಬೆಳಕು ಬೇಕು, ಹಾಗಾಗಿ ಲೈಟ್ ಏರಿಸೋಣ ಅಂತ ಅನಿಸುವುದು ಸಹಜ. ಇರಬೇಕಾದದ್ದು ಅದರ ಉಲ್ಟಾ. ಆರೋಗ್ಯವಾಗಿರುವ ಹವಳದಲ್ಲಿ ಪಾಚಿಗಳು ಒಂದಕ್ಕೊಂದು ನೆರಳು ಕೊಡುತ್ತವೆ. ಬಿಳಿಚಿದ್ದರಲ್ಲಿ ಅಳಿದುಳಿದ ಪಾಚಿಗೆ ಆ ನೆರಳಿಲ್ಲ. ಮೇಲಿಂದ ಬಂದ ಬೆಳಕು ಕೆಳಗಿನ ಬಿಳಿ ಸುಣ್ಣಕ್ಕೆ ತಾಗಿ ಚೆದುರಿ ಮತ್ತೆ ಅವಕ್ಕೇ ಬೀಳುತ್ತದೆ. ಅಂದರೆ ಮಾಮೂಲಿ ಲೈಟೇ ಅವಕ್ಕೆ ವಿಪರೀತ.

ಇಲ್ಲಿನ ಹವ್ಯಾಸಿಗಳ ಸಂಘದಿಂದ ಪಾರ್ ಮೀಟರ್ ಎರವಲು ತಂದೆ, ಪಾಚಿಗೆ ಉಪಯೋಗವಾಗುವ ಬೆಳಕನ್ನು ಅಳೆಯುವ ಉಪಕರಣ ಅದು. ತಟ್ಟೆಯ ಮೇಲೆ 50 ಪಾರ್ ಬರುವ ಹಾಗೆ ಎಲ್‌ಇಡಿ ಇಳಿಸಿದೆ. ಹ್ಯಾಮರ್ ಮೂಲೆಯಲ್ಲಿ, ಇನ್ನೂ ಕಡಿಮೆ. ನೀರಿನ ಹರಿವು ಮೆಲ್ಲಗೆ, ನೇರವಾಗಿ ಯಾರ ಮೇಲೂ ಬೀಳದ ಹಾಗೆ ಗಾಜಿಗೆ ಹೊಡೆಸಿ ತಿರುಗಿಸಿದೆ. ಹ್ಯಾಮರ್, ಟಾರ್ಚ್‌ಗಳ ಸುಣ್ಣದ ಅಂಚು ಬ್ಲೇಡಿನಷ್ಟು ಚೂಪು. ಸೊರಗಿದ ಮೈ ಜೋರು ಹರಿವಿಗೆ ಅದರ ಮೇಲೆ ಉಜ್ಜಿ ಹರಿದುಹೋಗುತ್ತದೆ.

ಒಳಗಿನ ಅಡುಗೆಮನೆ ಮುಚ್ಚಿರುವಾಗ ಹೊರಗಿನಿಂದ ಊಟ ಕೊಡಬೇಕು. ನಾನು ಕೊಟ್ಟದ್ದು ಆಗ ತಾನೇ ಮೊಟ್ಟೆಯೊಡೆದ ಆರ್ಟೀಮಿಯಾ ಅನ್ನುವ ಪುಟ್ಟ ಸೀಗಡಿಯಂಥ ಜೀವಿಯ ಮರಿ. ಪ್ಲಾಸ್ಟಿಕ್ ಬಾಟಲಿ ಬುಡ ಕತ್ತರಿಸಿ ತಲೆಕೆಳಗೆ ನಿಲ್ಲಿಸಿ, ಉಪ್ಪುನೀರು, ಏರ್ ಪಂಪ್, ಒಂದು ಬಲ್ಬ್. 27 ಡಿಗ್ರಿ ಹತ್ತಿರ ಇದ್ದರೆ ಒಂದು ದಿನದಲ್ಲಿ ಮರಿ ರೆಡಿ. ಲೈಟ್ ಆರಿದ ಮೇಲೆ ಒಂದು ಗಂಟೆ ಬಿಟ್ಟು ನೋಡಿದರೆ ಆಕನ್, ಫೇವಿಯಾ ಸಣ್ಣ ಎಳೆಗಳನ್ನು ಹೊರಗೆ ಚಾಚಿರುತ್ತವೆ. ಆಗ ಪಂಪ್ ನಿಲ್ಲಿಸಿ, ಪೈಪೆಟ್‌ನಲ್ಲಿ ಒಂದೊಂದಕ್ಕೂ ಮೇಲಿಂದ ಮೆಲ್ಲಗೆ ಉದುರಿಸಬೇಕು. ಕಾಲು ಗಂಟೆ ಬಿಟ್ಟು ಪಂಪ್ ಹಾಕಬೇಕು. ಇಡೀ ಮೈಸಿಸ್ ಸೀಗಡಿ ಕೊಟ್ಟರೆ ಸೊರಗಿದ ಹವಳ ಅರ್ಧ ತಿಂದು ಉಗುಳುತ್ತದೆ, ಅದು ಅಲ್ಲೇ ಕೊಳೆಯುತ್ತದೆ.

ಊಟ ಕೊಟ್ಟರೆ ನೀರು ಕೆಡುತ್ತದೆ ಅಂತ ಹೆದರಿ ನೈಟ್ರೇಟ್, ಫಾಸ್ಫೇಟ್‌ಗಳನ್ನು ಸೊನ್ನೆಗೆ ಇಳಿಸುವವರೂ ಇದ್ದಾರೆ. ಸೊನ್ನೆಯಲ್ಲಿ ಹವಳದೊಳಗಿನ ಪಾಚಿಯೂ ಉಪವಾಸ. ನಾನು ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05 ಪಿಪಿಎಂ ಸುತ್ತ ಬಿಟ್ಟೆ. ಅದರ ಫಲವಾಗಿ ಟಾರ್ಚ್ ಕಾಂಡದ ಮೇಲೆ ಹಸಿರು ಕೂದಲು ಪಾಚಿ ಬಂತು, ಬರಲೇಬೇಕು. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ಬಿಡದ ಕಡೆ ಹವಳವನ್ನು ಹೊರತೆಗೆದು, 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಅನ್ನು ಬ್ರಷ್‌ನಿಂದ ಬರೀ ಸುಣ್ಣದ ಮೇಲೆ, ಮೈಗೆ ತಾಗದಂತೆ ಹಚ್ಚಿ ತೊಳೆದೆ. ಟ್ರೋಕಸ್ ಬಸವನಹುಳು ಒಂದಿಷ್ಟು ಬಿಟ್ಟೆ. ಸನ್ಯಾಸಿ ಏಡಿ ಬೇಡವೇ ಬೇಡ, ಎಲ್ಲದರ ಮೇಲೂ ಹತ್ತಿ ಪ್ಲಗ್ ಉರುಳಿಸುತ್ತದೆ.

ಬಣ್ಣ ಬಂದ ಬಗೆ

ಜೋವಾಂತಿಡ್‌ಗಳು ಮೊದಲ ವಾರವೇ ಅರಳಿದವು, ಅವು ಗಟ್ಟಿ ಪಿಂಡ. ಜಾಡಿಯಲ್ಲಿ ಒಂಟಿಯಾಗಿದ್ದ ಟಾರ್ಚ್ ತಲೆ ಉಳಿಯಲಿಲ್ಲ. ಲೋಳೆ ಕಾಣಿಸಿದ ದಿನವೇ ಎಸೆದೆ. ಮಿಕ್ಕ ಎರಡಕ್ಕೆ ಅಂಟಲಿಲ್ಲ. ಫೇವಿಯಾ ಚೂರುಗಳಲ್ಲಿ ಒಂದು ಹೋಯಿತು.

ಹ್ಯಾಮರ್ ಆಗಸ್ಟ್ ಪೂರ್ತಿ ಬಿಳಿಯಾಗಿಯೇ ಇತ್ತು. ಷಡ್ಡಕರು ಬಂದಾಗಲೆಲ್ಲ ಅದನ್ನು ನೋಡಿ "ಸುಮ್ನೆ ಯಾಕೆ ಇದಕ್ಕೆ ಊಟ ಹಾಕ್ತೀರಾ ಭಾವ" ಅನ್ನುತ್ತಿದ್ದರು. ಗಣೇಶನ ಹಬ್ಬದ ಹೊತ್ತಿಗೆ ಎಳೆಗಳ ಬುಡದಲ್ಲಿ ಮಸುಕು ಕಂದು ಕಾಣಿಸಿತು. ಅಕ್ವೇರಿಯಂ ಇಟ್ಟವರಿಗೆ ಕಂದು ಅಂದರೆ ಬೇಸರ, ದುಡ್ಡು ಕೊಟ್ಟದ್ದು ಹಸಿರು-ನೇರಳೆಗೆ ಅಲ್ವಾ? ಆದರೆ ಆ ಕಂದೇ ವಾಪಸ್ ಬಂದ ಪಾಚಿ. ಹವಳ ತನ್ನ ಬಣ್ಣ ಮಾಡಿಕೊಳ್ಳುವುದು ಹೊಟ್ಟೆ ತುಂಬಿದ ಮೇಲೆ. ಕಂದು ಪೂರ್ತಿ ಹರಡಿದ ಮೇಲಷ್ಟೇ ಲೈಟ್ ಏರಿಸಲು ಶುರು ಮಾಡಿದೆ. ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ 100 ಪಾರ್‌ವರೆಗೆ. ಹಸಿರು ತುದಿ ಕಂಡದ್ದು ದೀಪಾವಳಿ ಕಳೆದ ಮೇಲೆ.

ಮಾಂಟಿಪೋರಾ ಬಗ್ಗೆ ಒಂದು ಗೊಂದಲ ಬಗೆಹರಿಸಬೇಕು. ಅದರ ಹೊರ ಅಂಚಿನಲ್ಲಿ ಬಿಳಿ ಗೆರೆ ಕಂಡು ಷಡ್ಡಕರು ಮತ್ತೆ ಗಾಬರಿಯಾದರು. ಹೊರ ಅಂಚಿನ ನಯವಾದ ಬಿಳಿ ಗೆರೆ ಬೆಳವಣಿಗೆಯದು. ಅಲ್ಲಿ ಹೊಸ ಸುಣ್ಣ, ಹೊಸ ಮೈ ಬಂದಿರುತ್ತದೆ, ಪಾಚಿ ಇನ್ನೂ ತುಂಬಿರುವುದಿಲ್ಲ. ಬುಡದಿಂದ ಅಥವಾ ಮಧ್ಯದಿಂದ ಹರಡುವ ಬಿಳಿ ಮಾತ್ರ ಸಾವಿನದು. ಸತ್ತ ಜಾಗವನ್ನು ಇಕ್ಕಳದಿಂದ ಮುರಿದು ತೆಗೆದ ಮೇಲೆ ಎರಡೂ ತುಂಡು ಸುತ್ತಲೂ ಬೆಳೆಯಲು ಶುರುವಾದವು. ಆಕನ್ ತಾನು ಬಿಟ್ಟುಕೊಟ್ಟಿದ್ದ ಅಂಚುಗಳ ಮೇಲೆ ಮತ್ತೆ ಮೈ ಹೊದ್ದುಕೊಂಡಿತು, ಊಟದ ವಾಸನೆಗೇ ಉಬ್ಬಿ ನಿಲ್ಲುತ್ತದೆ. ಟಾರ್ಚ್‌ನ ಕಾಂಡದ ಪಕ್ಕದಲ್ಲಿ, ಬೋಳು ಅಂದುಕೊಂಡಿದ್ದ ಜಾಗದಲ್ಲಿ, ಪುಟ್ಟ ಬಾಯಿಯ ಒಂದು ಮರಿ ತಲೆ ಮೂಡಿತು.

ನಾನು ಕಳಿಸಿದ ಹವಳಗಳ ಫೋಟೋ ನೋಡಿ ಬೆಂಗಳೂರಿನ ತಮ್ಮ ತನಗೂ ಒಂದು ಹವಳದ ಟ್ಯಾಂಕ್ ಬೇಕು ಅಂದ. ಭಾರತದಲ್ಲಿ ಇಂಥ ಸುಣ್ಣದ ಹವಳಗಳಿಗೆ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದ ರಕ್ಷಣೆ ಇದೆ. ಹುಲಿಗೆ ಇರುವ ಪರಿಶಿಷ್ಟವೇ. ಅಂಗಡಿಯವನು ಕದ್ದು ಮುಚ್ಚಿ ಕೊಟ್ಟರೂ ತಗೋಬೇಡ, ನೋಡಬೇಕು ಅನಿಸಿದರೆ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಡೈವ್ ಮಾಡು ಅಂದೆ.

ಸಂಕ್ರಾಂತಿ ಕಳೆದ ಮೇಲೆ ಷಡ್ಡಕರ ಟ್ಯಾಂಕ್ ಮತ್ತೆ ನಿಂತಿತು. ಈ ಸಲ ಕೆಳಗಿನ ಕಪಾಟಿನಲ್ಲಿ 12.8 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇಟ್ಟಿದ್ದೇವೆ. ಸುಮಾರು 1,280 ವಾಟ್-ಅವರ್. 15 ವಾಟ್‌ನ ಒಂದು ಡಿಸಿ ಪಂಪ್ ಮಾತ್ರ ಓಡಿಸಿದರೆ ಮೂರು ದಿನ ದಾಟುತ್ತದೆ. ನೀರಿನ ಮೇಲೆ ಗಾಳಿ ಬೀಸಲು ಕಂಪ್ಯೂಟರಿನ ಸಣ್ಣ ಫ್ಯಾನ್ ಎರಡು, ಆವಿಯಾಗುವಾಗ ನೀರು ತಣ್ಣಗಾಗುತ್ತದೆ. ಹೀಟರ್, ಲೈಟ್‌ಗಳನ್ನು ಬ್ಯಾಟರಿಗೆ ಕೊಟ್ಟಿಲ್ಲ. ಹವಳ ಕೆಲವು ದಿನ ಕತ್ತಲಲ್ಲಿರಬಲ್ಲದು, ಉಸಿರಿಲ್ಲದೆ ಇರಲಾರದು.

ಹ್ಯಾಮರ್, ಟಾರ್ಚ್, ಆಕನ್, ಮಾಂಟಿಪೋರಾದ ದೊಡ್ಡ ತುಂಡು, ಜೋವಾಂತಿಡ್ ಕಲ್ಲು ಅಲ್ಲಿಗೆ ಹೋದವು. ಸಣ್ಣ ತುಂಡು ನನ್ನ ಕೂಲಿ. ಫೇವಿಯಾ ಚೂರುಗಳು ಒಂದೇ ಕಲ್ಲಿನ ಮೇಲೆ ಕೂಡಿಕೊಳ್ಳುತ್ತಿವೆ. ಆದರೆ ಒಂದರ ಪ್ಲಗ್ ಸಂದಿಯಲ್ಲಿ ಏಪ್ಟೇಸಿಯಾ ಎಂಬ, ಕಳೆಯಂತೆ ಹರಡುವ ಸಣ್ಣ ಸಮುದ್ರಜೀವಿ ತಲೆ ಎತ್ತಿದೆ. ಕಿತ್ತರೆ ಒಂದು ಹತ್ತಾಗುತ್ತದೆ, ಅದಕ್ಕೆ ಅದರ ಬಾಯಿಗೇ ಕಲ್ಕ್‌ವಾಸರ್ ಅನ್ನುವ ಅರಳಿದ ಸುಣ್ಣದ ಪುಡಿಯ ಗಂಜಿ ಸಿರಿಂಜ್‌ನಲ್ಲಿ ಬಿಟ್ಟು ಮುಚ್ಚಿದ್ದೇನೆ. ಅದು ಪೂರ್ತಿ ಹೋಗುವವರೆಗೆ ಆ ಕಲ್ಲು ಆಸ್ಪತ್ರೆ ಟ್ಯಾಂಕಿನಲ್ಲೇ ಇರುತ್ತದೆ.